ಗಂಗಾಂಬಿಕಾ ಅಳೆದ ಕಾಂತಕ್ಷೇತ್ರ

ಹಡಗಲಿಯ ಕಾಲೇಜಿನಲ್ಲಿ ನನ್ನ ಜೊತೆ ಭೌತಶಾಸ್ತ್ರ ಕಲಿಸುತ್ತಿದ್ದ ಗಂಗಾಂಬಿಕಾ, ಹರಪನಹಳ್ಳಿಯ ಮೆಕ್ಕೆಜೋಳದ ವ್ಯಾಪಾರಿ ಶಿವಯೋಗಪ್ಪನವರ ಮಗಳು. ಎಂಎಸ್ಸಿ ಮುಗಿಸಿ ಉತ್ತರ ಭಾರತದ ಒಂದು ಪ್ರಯೋಗಾಲಯಕ್ಕೆ ಸಂಶೋಧನೆಗೆ ಹೋದಾಗ, ಅಲ್ಲಿ ಕನ್ನಡದಲ್ಲಿ ಮಾತಾಡಲು ಸಿಕ್ಕವನು ಕೊಟ್ಟೂರಿನ ಅರುಣಕುಮಾರ್ ಒಬ್ಬನೇ. ಇಬ್ಬರದೂ ಒಂದೇ ಕೆಲಸ. ೧೯೯೮ರಲ್ಲಿ ಎರಡೂ ಮನೆಯವರು ಕೂತು ಮಾತಾಡಿ ನಿಶ್ಚಿತಾರ್ಥ ಮಾಡಿದರು.

ಅವರ ಕೆಲಸವನ್ನು ಆಕೆ ಒಮ್ಮೆ ನನಗೆ ವಿವರಿಸಿದ್ದಳು. ಲೋಹದ ಚೂರಿಗೆ ಲೇಸರ್ ಬಡಿದರೆ ಪ್ಲಾಸ್ಮಾ ಎಂಬ ಉರಿ ಅನಿಲ ಚಿಮ್ಮುತ್ತದೆ. ಅದರೊಳಗೆ ಪ್ರಬಲವಾದ ಕಾಂತಕ್ಷೇತ್ರ ಹುಟ್ಟಿ, ರೆಪ್ಪೆ ಬಡಿಯುವ ಮೊದಲೇ ಅಳಿದುಹೋಗುತ್ತದೆ. ಅಂಥದ್ದನ್ನು ಮುಟ್ಟಿ ಅಳೆಯಲಾಗದು. ಹಾಗಾಗಿ ಅದರ ಮೂಲಕ ಇನ್ನೊಂದು ಹಸಿರು ಕಿರಣವನ್ನು ಹಾಯಿಸುತ್ತಾರೆ. ಕಾಂತಕ್ಷೇತ್ರ ಆ ಬೆಳಕಿನ ಕಂಪನದ ದಿಕ್ಕನ್ನು ತುಸು ತಿರುಗಿಸುತ್ತದೆ. ಆಗ ಒಂದೇ ದಿಕ್ಕಿನ ಕಂಪನವನ್ನು ಬಿಡುವ ಫಿಲ್ಟರಿನ ಮೂಲಕ ತೆಗೆದ ಚಿತ್ರದಲ್ಲಿ ಪ್ಲಾಸ್ಮಾದ ಒಂದು ಮಗ್ಗುಲು ಬೆಳಗಿ, ಇನ್ನೊಂದು ಮಂಕಾಗುತ್ತದೆ.

ಆ ಚಿತ್ರ ಬಹಳ ಕಾಲ ಬರಲೇ ಇಲ್ಲ. ರಕ್ಷಣೆಯ ಕನ್ನಡಕ ಹಾಕಿದರೆ ಹಸಿರು ಕಿರಣವೇ ಕಾಣದು. ಕಿರಣವನ್ನು ಹೊಂದಿಸುವಾಗ ಅರುಣ ಕನ್ನಡಕವನ್ನು ಹಣೆಗೇರಿಸಿಕೊಳ್ಳುತ್ತಿದ್ದ. ಗಂಗಾಂಬಿಕಾ ಬೈದರೆ ನಗುತ್ತಿದ್ದ. ಒಂದು ಮಧ್ಯಾಹ್ನ ಕಿರಣ ಯಾವುದೋ ಹೊಳಪಿಗೆ ತಾಗಿ, ತಿರುಗಿ ಅವನ ಬಲಗಣ್ಣಿಗೆ ಹೊಡೆಯಿತು. ಎಡಗಣ್ಣು ಹುಟ್ಟಿನಿಂದಲೇ ಮಂದ. ವೈದ್ಯರಿಂದ ಏನೂ ಮಾಡಲಾಗಲಿಲ್ಲ. ಎದುರಿಗೆ ನಿಂತವರ ಆಕಾರ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಅವನ ಅಣ್ಣ ಬಂದು ಕೊಟ್ಟೂರಿಗೆ ಕರೆದುಕೊಂಡು ಹೋದ.

ಆಕೆ ಒಬ್ಬಳೇ ಕೆಲಸ ಮುಂದುವರಿಸಿದಳು. ಮರುವರ್ಷ ಚಿತ್ರ ಬಂತು. ಅದನ್ನು ಹಿಡಿದು ನೇರವಾಗಿ ಕೊಟ್ಟೂರಿಗೆ ಹೋದಳು.

"ಬಂತ್ರಿ," ಎಂದಳು.

"ಹೆಂಗೈತಿ ಹೇಳು."

ಬಲಕ್ಕೆ ಬೆಳಕು, ಎಡಕ್ಕೆ ಮಂಕು ಎಂದು ಹೇಳಿದಳು. ಫಿಲ್ಟರನ್ನು ಆ ಕಡೆ ತಿರುಗಿಸಿದರೆ ಅದಲುಬದಲಾಯಿತೇ ಎಂದು ಕೇಳಿದ. ಆಯಿತು ಎಂದಳು. ಹಾಗಾದರೆ ಅದು ಕಾಂತಕ್ಷೇತ್ರವೇ ಎನ್ನುವಾಗ ಅವನ ಮುಖ ಅರಳಿತು. ಆಮೇಲೆ ಚಿತ್ರದ ಮೇಲೆ ಬೆರಳಾಡಿಸುತ್ತ ಅಳತೊಡಗಿದ.

ಮದುವೆಯ ಮಾತು ಅವಳೇ ಎತ್ತಿದಳು. ಅವನು ಒಪ್ಪಲಿಲ್ಲ.

"ದಿನಾ ನೀ ನನಗ ಹಿಂಗ ಎಲ್ಲಾ ಹೇಳ್ಕೋಂತ ಕೂರಬೇಕಾಗ್ತತಿ, ಗಂಗಾ."

"ನಾನೇನ್ ಬ್ಯಾಸರ ಮಾಡ್ಕೊಂತೀನೇನ್ರಿ?"

"ನೀ ಮಾಡ್ಕೊಳ್ಳಂಗಿಲ್ಲ. ನಾ ಮಾಡ್ಕೊಂತೀನಿ."

ಎರಡು ಮನೆಯ ಹಿರಿಯರೂ ಹೇಳಿ ಸೋತರು. ಅವಳಿಗೆ ಡಾಕ್ಟರೇಟ್ ಬಂತು; ಮತ್ತೆ ಪ್ರಯೋಗಾಲಯದ ಕಡೆ ಹೋಗಲಿಲ್ಲ, ಮದುವೆಯೂ ಆಗಲಿಲ್ಲ. ಹಡಗಲಿಗೆ ಬಂದು ಕಲಿಸತೊಡಗಿದಳು.

೨೦೦೬ರಲ್ಲಿ ಪರೀಕ್ಷೆಯ ಕೆಲಸಕ್ಕೆಂದು ನಾವಿಬ್ಬರೂ ಕೊಟ್ಟೂರಿಗೆ ಹೋಗಿದ್ದೆವು. ಬಸ್‌ಸ್ಟ್ಯಾಂಡಿನಲ್ಲಿ ಅರುಣ ಒಂದು ಬಸ್ಸಿನ ಬಳಿ ಒಬ್ಬನೇ ನಿಂತಿದ್ದ. ಗಂಗಾಂಬಿಕಾ ಹತ್ತಿರ ಹೋಗಿ ಎದುರಿಗೆ ನಿಂತಳು. ಅವನು ತಲೆ ಓರೆ ಮಾಡಿ, ಯಾರೋ ಇದ್ದಾರೆಂದು ತಿಳಿದು ಕೇಳಿದ:

"ಅಕ್ಕಾರ, ಈ ಬಸ್ಸು ಕೂಡ್ಲಿಗಿಗೆ ಹೋಗ್ತತೇನ್ರಿ?"

ಆಕೆ ಬಸ್ಸಿನ ಫಲಕ ಓದಿ, ನನ್ನ ಕಡೆ ತಿರುಗಿ ತಲೆಯಾಡಿಸಿದಳು. ಹೌದೆಂದು ನಾನೇ ಹೇಳಿದೆ. ಅವನು ನನಗೆ ಕೈ ಮುಗಿದು ಬಸ್ಸು ಹತ್ತಿದ.