ಅಜ್ಜಿ ಕೀರ್ತನೆ ಗುನುಗಿದರೆ

ಬೀರುವಿನ ಬಾಗಿಲು ತೆಗೆದೊಡನೆ ಕಲೋನ್ ಸುಗಂಧದ ವಾಸನೆ ಮೂಗಿಗೆ ಹೊಡೆಯಿತು.

ನಾನು ಚಿಕ್ಕವಳಿದ್ದಾಗ ಜಾಲಹಳ್ಳಿಯ ನಮ್ಮ ಕ್ವಾರ್ಟರ್ಸಿನಲ್ಲಿ ಯಾವ ಹೆಂಗಸು ತೀರಿಕೊಂಡರೂ ಮೈ ತೊಳೆದು, ಸೀರೆ ಉಡಿಸಿ, ಹಣೆಗೆ ಕಲೋನ್ ಸವರುತ್ತಿದ್ದವಳು ನಮ್ಮಜ್ಜಿ. ಚರ್ಚಿನವರಿಗಷ್ಟೇ ಅಲ್ಲ, ಕರೆದವರಿಗೆಲ್ಲ. ಹೊರಡುವ ಮುಂಚೆ ಸೆರಗು ಸಿಕ್ಕಿಸಿಕೊಂಡು ಸಣ್ಣಗೆ ಕೀರ್ತನೆ ಗುನುಗುತ್ತಿದ್ದಳು, ಮದುವೆಗೆ ಹೊರಟವಳ ಹಾಗೆ. ಅದು ಕಿವಿಗೆ ಬಿದ್ದರೆ ನಾನು ಮಂಚದ ಕೆಳಗೆ ಸೇರುತ್ತಿದ್ದೆ. ಅವಳು ಬೀದಿಗಿಳಿದರೆ ಅಕ್ಕಪಕ್ಕದವರು ಮಕ್ಕಳನ್ನು ಒಳಗೆ ಎಳೆದುಕೊಳ್ಳುತ್ತಿದ್ದರು.

"ಹೆಣ ಮುಟ್ಟೋಕೆ ಅದೇನ್ ಖುಷಿ ಅಜ್ಜಿ?" ಎಂದು ಒಮ್ಮೆ ಕೇಳಿದ್ದೆ.

"ಅವ್ರು ವಾಪಸ್ ಏನೂ ಕೊಡಕ್ಕಾಗಲ್ಲ ಕಣೇ. ಯೇಸಪ್ಪನಿಗೋಸ್ಕರ ಮಾಡೋದು. ಅದೇ ಖುಷಿ."

ಒಂದು ಮಧ್ಯಾಹ್ನ ಯಾರೂ ಕರೆಯಲು ಬಂದಿರಲಿಲ್ಲ. ಆದರೂ ಅಜ್ಜಿ ಸ್ನಾನ ಮಾಡಿ, ಒಗೆದ ಬಿಳಿ ಸೀರೆ ಉಟ್ಟು, ಗುನುಗಲು ಶುರುಮಾಡಿದಳು. ಒಲೆಯ ಮುಂದಿದ್ದ ಅಮ್ಮನ ಕೈಯಲ್ಲಿ ಸೌಟು ಹಾಗೇ ನಿಂತಿತು.

"ಯಾರು ಹೋದ್ರತ್ತೆ?"

ಅಜ್ಜಿ ಮಂಚದ ಮೇಲೆ ನೆಟ್ಟಗೆ ಮಲಗಿ, ಕಲೋನ್ ಬಾಟಲಿಯನ್ನು ನನ್ನ ಕೈಗಿಟ್ಟು ಕಣ್ಣು ಮುಚ್ಚಿದಳು.

"ಹಣೆಯಿಂದ ಶುರು ಮಾಡು. ಮೆತ್ತಗೆ. ಕಲಿತ್ಕೋ, ನನಗೆ ನೀನೇ ಮಾಡ್ಬೇಕು."

ಅವಳ ಹಣೆ ಬೆಚ್ಚಗಿತ್ತು. ಮಳೆಗಾಲ ಮುಗಿಯುವುದರೊಳಗೆ ಅದೇ ಹಣೆಯನ್ನು ಮತ್ತೆ ಮುಟ್ಟಿದೆ. ಆಗ ಬೆಚ್ಚಗಿರಲಿಲ್ಲ.

ಇವತ್ತು ಕೆಳಗಿನ ಫ್ಲ್ಯಾಟಿನ ಆಂಟಿ ಹೋಗಿಬಿಟ್ಟಿದ್ದಾರೆ. ಅವರ ಮಗ ಬಂದು ಕರೆದ. ಬೀರುವಿನಿಂದ ಬಾಟಲಿ ತೆಗೆದುಕೊಂಡು ಸೆರಗು ಸಿಕ್ಕಿಸಿಕೊಳ್ಳುತ್ತಿದ್ದೆ. ಬಾಗಿಲ ಬಳಿ ಮಗಳು ಗೋಡೆಗೆ ಒತ್ತಿಕೊಂಡು ನಿಂತಿದ್ದಳು.

"ಅಮ್ಮಾ, ಹಾಡ್ಬೇಡ. ಭಯ ಆಗುತ್ತೆ."

ನಾನು ಹಾಡುತ್ತಿದ್ದುದು ನನಗೇ ಗೊತ್ತಿರಲಿಲ್ಲ.