ಮೂವತ್ತೇಳನೆಯ ಎಂಜಿನ್ನಿನ ಸೀಟು

ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಹಿಡಿದು ಎಂಜಿನ್ನಿನ ಹೊಟ್ಟೆಯಡಿ ಕೂತಿದ್ದ ಮೇಸ್ತ್ರಿಗೆ ಆ ಅಂಕಿ ಕಂಡದ್ದು ಮಂಗಳವಾರ ಬೆಳಿಗ್ಗೆ, ರೈಲ್ವೆ ಮ್ಯೂಸಿಯಮ್ಮಿನ ಬಾಗಿಲು ತೆರೆಯಲು ಇನ್ನೂ ಅರ್ಧ ಗಂಟೆ ಇದ್ದಾಗ. ಗಾಲಿಗಳ ಹಿಂದೆ, ಇಡೀ ಎಂಜಿನ್ನನ್ನು ಹೊತ್ತು ನಿಂತ ದಪ್ಪ ಉಕ್ಕಿನ ಚೌಕಟ್ಟಿನ ಒಳಮೈಯಲ್ಲಿ, ಹಳೆಯ ಬಣ್ಣ ಒಣಗಿದ ತೊಗಟೆಯಂತೆ ಕಿತ್ತು ಬಂದಿತ್ತು. ಅದರಡಿ ಅಚ್ಚಿಟ್ಟು ಬಡಿದ ಎರಡು ಅಂಕಿ. ನಾಲ್ಕು, ಒಂದು. ಮೇಸ್ತ್ರಿ ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿ ಮತ್ತೆ ಹಾಕಿಕೊಂಡರು. ಅಂಕಿಯೇನೂ ಬದಲಾಗಲಿಲ್ಲ. ನಲವತ್ತೊಂದು.

ಎಂಜಿನ್ನಿನ ಎದೆಯ ಮೇಲಿನ ಹಿತ್ತಾಳೆ ಫಲಕದಲ್ಲಿ ಇದ್ದದ್ದು ಮೂವತ್ತೇಳು. ಮೂವತ್ತೆರಡು ವರ್ಷ ಷೆಡ್ಡಿನಲ್ಲಿ ಫಿಟ್ಟರಾಗಿ ದುಡಿದು ನಿವೃತ್ತರಾದ ಮೇಲೆ, ಹನ್ನೊಂದು ವರ್ಷದಿಂದ ಅವರು ಇಲ್ಲಿ ಉಗಿ ಎಂಜಿನ್ನುಗಳನ್ನು ಒರೆಸಿ, ಎಣ್ಣೆ ಬಿಟ್ಟು, ಬಂದವರಿಗೆ ತೋರಿಸುತ್ತಿದ್ದರು. ಉಳಿದ ಎಂಜಿನ್ನುಗಳ ಮುಂದೆ ಎರಡೆರಡು ಮಾತು. ಇದರ ಮುಂದೆ ಮಾತ್ರ ಕಾಲು ಗಂಟೆ. ನಮ್ಮಣ್ಣ ಹತ್ತೊಂಬತ್ತು ವರ್ಷ ಓಡಿಸಿದ ಗಾಡಿ ಇದು ಎಂದು ಎದೆ ತಟ್ಟಿ ಹೇಳಿದ್ದೂ ಹೇಳಿದ್ದೇ.

ಒಂದರ ಸಾಮಾನು ಇನ್ನೊಂದಕ್ಕೆ ಹೋಗುವುದು ಷೆಡ್ಡಿನಲ್ಲಿ ಹೊಸದಲ್ಲ. ಪ್ರತಿ ಬಿಡಿಭಾಗದ ಮೇಲೂ ಅದರ ಎಂಜಿನ್ನಿನ ನಂಬರು ಬಡಿದಿರುತ್ತಿತ್ತು. ಬೇರೆಯದಕ್ಕೆ ಹಾಕಿದರೆ ಹಳೆಯ ನಂಬರಿನ ಮೇಲೆ ಉಳಿಯಿಂದ ಅಡ್ಡಗೆರೆ ಎಳೆದು ಪಕ್ಕದಲ್ಲಿ ಹೊಸದನ್ನು ಬಡಿಯಬೇಕು. ಹೀಗೆ ಇಸಕೊಂಡ ಬಟ್ಟೆ ತೊಟ್ಟ ಮದುಮಗನಂತೆ ಓಡಾಡದ ಎಂಜಿನ್ನೇ ಇರಲಿಲ್ಲ. ಆದರೆ ಚೌಕಟ್ಟಿನ ಮಾತು ಬೇರೆ. ಚೌಕಟ್ಟು ಯಾವುದೋ ಎಂಜಿನ್ನು ಅದೇ. ಹಿತ್ತಾಳೆ ಫಲಕವೋ, ನಾಲ್ಕು ಬೋಲ್ಟಿನ ಕೆಲಸ. ಈ ನಲವತ್ತೊಂದರ ಮೇಲೆ ಅಡ್ಡಗೆರೆಯೂ ಇರಲಿಲ್ಲ.

ಅಂಕಿಯ ಮುಂದೆ ಕುಕ್ಕರುಗಾಲಲ್ಲಿ ಕೂತೇ ಮೇಸ್ತ್ರಿ ನೆನಪು ಕೆದಕಿದರು. ಉಗಿ ಗಾಡಿಗಳನ್ನು ನಿಲ್ಲಿಸಿದ ವರ್ಷ ಷೆಡ್ಡಿನ ಹಿತ್ತಲಲ್ಲಿ ಉಳಿದದ್ದು ಎರಡೇ, ಮೂವತ್ತೇಳು ಮತ್ತು ನಲವತ್ತೊಂದು. ಒಂದು ಮ್ಯೂಸಿಯಮ್ಮಿಗೆ, ಒಂದು ಗುಜರಿಗೆ. ಒಂದರ ಬಾಯ್ಲರು ಚೆನ್ನಾಗಿತ್ತು, ಇನ್ನೊಂದರ ಗಾಲಿ. ಸಾಹೇಬರು ಬಂದು, ಎರಡರಲ್ಲಿ ಒಂದು ಮಾಡಿ ಎಂದು ಹೇಳಿ ಹೋದರು. ನಾಲ್ವರು ಫಿಟ್ಟರುಗಳು ಆರು ವಾರ ಒದ್ದಾಡಿದರು. ಅಂಗೈ ಸಿಪ್ಪೆ ಎದ್ದದ್ದು ನೆನಪಿದೆ, ಕ್ರೇನಿನವನ ಪೋಲಿ ಮಾತು ನೆನಪಿದೆ. ಯಾವುದರಿಂದ ಬಿಚ್ಚಿ ಯಾವುದಕ್ಕೆ ಹಾಕಿದೆವು ಎಂಬುದೊಂದೇ ನೆನಪಿಲ್ಲ. ಕೇಳೋಣವೆಂದರೆ ಉಳಿದ ಮೂವರೂ ಈಗಿಲ್ಲ.

ಒಂದು ಸಂಗತಿ ಮಾತ್ರ ಸ್ಪಷ್ಟ. ಅಣ್ಣ ತೀರಿಕೊಂಡು ಆಗ ಎರಡು ವರ್ಷ. ಅವನು ಕೂರುತ್ತಿದ್ದ ಮರದ ಸೀಟನ್ನು ಬೇರೆಯವರು ಮುಟ್ಟಲು ಬಿಡದೆ, ತಾವೇ ಬಿಚ್ಚಿ ಹೆಗಲ ಮೇಲೆ ಹೊತ್ತು ಹಳಿ ದಾಟಿದ್ದರು. ಆ ಸೀಟು ಈಗಲೂ ಇದೇ ಎಂಜಿನ್ನಿನಲ್ಲಿದೆ. ತಿಂಗಳ ಮೊದಲ ಗುರುವಾರ ಅತ್ತಿಗೆ ಬಂದು ಕೂರುವುದು ಅದರ ಮೇಲೆಯೇ. ನಾಳಿದ್ದೇ ಗುರುವಾರ.

ಹತ್ತು ಗಂಟೆಗೆ ಮ್ಯೂಸಿಯಮ್ಮಿನ ಅಧಿಕಾರಿ ಕಾಗದ ಹಿಡಿದು ಬಂದಳು. ಮೇಸ್ತ್ರಿಯ ಮಗಳ ವಯಸ್ಸಿನ, ಚುರುಕಿನ ಹೆಂಗಸು. ಎಂಜಿನ್ನುಗಳ ಮುಂದೆ ಕಲ್ಲಿನ ಫಲಕ ನಿಲ್ಲಿಸುತ್ತಾರೆ. ನಂಬರು ಸರಿಯಿದೆ ಎಂದು ತಿಳಿದವರು ಸಹಿ ಹಾಕಬೇಕು. ತಿಳಿದವರೆಂದರೆ ಇನ್ನು ನೀವೊಬ್ಬರೇ ಎಂದಳು. ಮೇಸ್ತ್ರಿ ಕೈಯೆಲ್ಲ ಎಣ್ಣೆಯಾಗಿದೆ ಎಂದು ಜಾರಿಕೊಂಡರು. ಮಧ್ಯಾಹ್ನ ಮತ್ತೆ ಬಂದಾಗಲೂ ಕೈ ಎಣ್ಣೆಯಾಗಿತ್ತು. ಬುಧವಾರವೂ ಅಷ್ಟೆ. ಶನಿವಾರದೊಳಗೆ ಕೈ ತೊಳೆದುಕೊಳ್ಳಿ ಎಂದು ಅವಳು ನಗುತ್ತ ಹೋದಳು.

ಮನೆಯಲ್ಲಿ ಅವರು ಒಂದು ಪುಟವನ್ನೂ ತಿರುವದೆ ಗಂಟೆಗಟ್ಟಲೆ ಪೇಪರು ಹಿಡಿದು ಕೂತಿದ್ದನ್ನು ನೋಡಿ ಹೆಂಡತಿ ಬಾಯಿ ಬಿಡಿಸಿದಳು. ಮೊದಲು, ಅತ್ತಿಗೆಯ ಮಾತೆತ್ತಿ, ಅಕ್ಕನಿಗೆ ಮಾತ್ರ ಹೇಳಬೇಡಿ ಎಂದಳು. ಪಾತ್ರೆ ತೊಳೆದು ಬಂದು, ಹೇಳಿಬಿಡಿ ಎಂದಳು. ದೀಪ ಆರಿಸುವ ಮುಂಚೆ, ಮೊದಲು ಹೇಳಿದ್ದೇ ಸರಿಯೇನೋ ಎಂದಳು.

ಗುರುವಾರ ಅತ್ತಿಗೆ ಬಂದರು. ಎಪ್ಪತ್ತಾರರ ಮಂಡಿನೋವು. ಮೇಸ್ತ್ರಿ ಎಂದಿನಂತೆ ಸ್ಟೂಲಿಟ್ಟು ಕೈಕೊಟ್ಟು ಹತ್ತಿಸಿದರು. ಸೀಟಿನಲ್ಲಿ ಕೂತು, ಉಗಿ ಬಿಡುವ ಹಿಡಿಕೆಯ ಮೇಲೆ ಕೈಯಿಟ್ಟು, ಮನೆಯ ಸುದ್ದಿ ನಾಲ್ಕನ್ನು ಯಾರಿಗೆಂದಿಲ್ಲದೆ ಹೇಳುವುದು ಅವರ ರೂಢಿ. ನಲ್ಲಿ ಸೋರುತ್ತಿದೆ, ಮೊಮ್ಮಗಳಿಗೆ ಹಲ್ಲು ಬಂತು, ಇಂಥವು. ಹಲ್ಲಿನ ಸುದ್ದಿಗೆ ಬರುವಷ್ಟರಲ್ಲಿ ಮೇಸ್ತ್ರಿಗೆ ತಡೆಯಲಾಗಲಿಲ್ಲ. ಕೆಳಗೆ ನಿಂತೇ, ಬಟ್ಟೆ ಹಿಂಡುತ್ತ, ಕಂಡದ್ದೆಲ್ಲ ಹೇಳಿದರು.

ಅತ್ತಿಗೆ ಹಿಡಿಕೆಯಿಂದ ಕೈ ತೆಗೆಯಲಿಲ್ಲ.

"ಈ ಸೀಟು ಹೆಗಲ ಮೇಲೆ ಹೊತ್ತೆ ಅಂತ ನೀನು ಎಷ್ಟು ಸಲ ಹೇಳಿದ್ದೀಯ ನಂಗೆ?"

"ಲೆಕ್ಕ ಇಟ್ಟಿಲ್ಲ, ಅತ್ತಿಗೆ."

"ಇದು ಅವರದ್ದೇ ಗಾಡಿ ಆಗಿದ್ರೆ ಸೀಟು ಇದರಲ್ಲೇ ಇರ್ತಿತ್ತಲ್ಲಪ್ಪ. ಮತ್ಯಾಕೆ ಹೊತ್ತೆ?"

ಮೇಸ್ತ್ರಿ ಹನ್ನೊಂದು ವರ್ಷ ಯಾವ ನೆನಪನ್ನು ಹೆಮ್ಮೆಯಿಂದ ಹೇಳಿಕೊಂಡರೋ ಅದೇ ಎದುರು ಸಾಕ್ಷಿಗೆ ನಿಂತಿತ್ತು. ನಿಮಗೆ ಮೊದಲೇ ಗೊತ್ತಿತ್ತೇ ಎಂದು ಕೇಳಿದರು. ಗೊತ್ತು ಅಂತಲ್ಲ, ಅನುಮಾನ. ನೀನು ಅಷ್ಟು ಖುಷಿಯಲ್ಲಿ ಹೇಳುವಾಗ ಕೇಳೋಕೆ ಮನಸ್ಸಾಗಲಿಲ್ಲ ಎಂದರು ಅತ್ತಿಗೆ.

ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಎಂಜಿನ್ನಿನೊಳಗಿನ ಮರದ ನೆಲ ಹೊಸದಾಗಿ ಹಾಸಲೆಂದು ಸೀಟನ್ನು ಬಡಗಿಯ ಕೋಣೆಗೆ ಹೊತ್ತು, ಅಲ್ಲಿಂದ ಅದೇ ಎಂಜಿನ್ನಿಗೆ ತಂದಿರಲೂಬಹುದಲ್ಲ? ಅದಕ್ಕೂ ಹಳಿ ದಾಟಲೇಬೇಕಿತ್ತು. ಕಣ್ಣು ಮುಚ್ಚಿದರೆ ಹೆಗಲ ಮೇಲೆ ಸೀಟು, ಕಾಲಡಿ ಹಳಿ. ಎದುರಿಗಿರುವುದು ಎಂಜಿನ್ನೋ ಬಡಗಿಯ ಬಾಗಿಲೋ, ಎರಡೂ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು. ಅದನ್ನೂ ಹೇಳಿದರು.

"ನಿಮ್ಮಣ್ಣನೂ ಹಿಂಗೇ," ಅತ್ತಿಗೆ ನಕ್ಕರು. "ಚಹಾ ಕುಡಿದಾದ ಮೇಲೆ, ಕುಡಿದ್ನಾ ಅಂತ ನನ್ನ ಕೇಳೋರು." ಆಮೇಲೆ ನಗು ನಿಲ್ಲಿಸಿ, ಇನ್ನೊಂದು ಗಾಡಿ ಏನಾಯಿತೆಂದು ಕೇಳಿದರು.

ಎರಡು ರಾತ್ರಿಯಿಂದ ಮೇಸ್ತ್ರಿ ಹತ್ತಿರ ಸುಳಿಯಗೊಡದ ಪ್ರಶ್ನೆ ಅದೇ ಆಗಿತ್ತು. "ಗ್ಯಾಸಿಂದ ಕೊಯ್ದರು, ಅತ್ತಿಗೆ. ಎರಡು ದಿನ ಹಿಡೀತು. ನಾನು ಅಲ್ಲೇ ನಿಂತು ನೋಡ್ತಿದ್ದೆ. ನಲವತ್ತೊಂದು ಹೋಯ್ತು ಅಂದ್ಕೊಂಡು."

ಅತ್ತಿಗೆ ಸೀಟಿನ ಅಂಚನ್ನು, ತೊಡೆ ತಾಕಿ ತಾಕಿ ನುಣುಪಾದ ಜಾಗವನ್ನು, ಹೆಬ್ಬೆರಳಿಂದ ಸವರುತ್ತಿದ್ದರು. ಇಳಿಯುವಾಗ ಮೈದುನನ ಹೆಗಲ ಮೇಲೆ ಭಾರ ಬಿಟ್ಟು, "ಈ ಮರ ಒತ್ತುತ್ತೆ ಕಣೋ. ಬರೋ ತಿಂಗಳು ಒಂದು ದಿಂಬು ತಂದಿಡ್ತೀನಿ," ಎಂದರು. "ಅದಕ್ಕೂ ನಂಬರ್ ಹೊಡೆದಿಡು. ಯಾರ ಮನೇದು ಅಂತ ಆಮೇಲೆ ಮರೀತೀಯ."

ಶನಿವಾರ ಮೇಸ್ತ್ರಿ ಸೋಪು ಹಾಕಿ ಕೈ ತೊಳೆದು ಅಧಿಕಾರಿಯ ಕೋಣೆಗೆ ಹೋದರು. ಕಾಗದದಲ್ಲಿ ಅಚ್ಚಾಗಿದ್ದ ಮೂವತ್ತೇಳರ ಮೇಲೆ ಅಡ್ಡಗೆರೆ ಎಳೆಯಲು ಪೆನ್ನು ಊರಿದರು, ಎತ್ತಿದರು, ಮತ್ತೆ ಊರಿದರು. ಕೊನೆಗೆ ಅದನ್ನು ಹಾಗೇ ಬಿಟ್ಟು ಕೆಳಗೆ ಬರೆದರು: ಸೀಟು ಮೂವತ್ತೇಳರದು. ಚೌಕಟ್ಟಿನ ಮೇಲೆ ನಲವತ್ತೊಂದು ಅಂತ ಇದೆ. ಕೆಲಸ ಮಾಡಿದವನು ನಾನೇ, ನನಗೆ ನೆನಪಿಲ್ಲ. ಅದರ ಕೆಳಗೆ ಸಹಿ.

ಅಧಿಕಾರಿ ಎರಡು ಸಲ ಓದಿದಳು. "ಇದನ್ನ ಕಲ್ಲಿನ ಮೇಲೆ ಹೇಗೆ ಕೆತ್ಸೋದು, ಮೇಸ್ತ್ರಿಗಳೇ?"

"ನಂಗೂ ಗೊತ್ತಾಗ್ತಿಲ್ಲಮ್ಮ," ಎಂದರು ಅವರು.

ಅವಳು ಕಾಗದ ಹಿಡಿದು ಯೋಚಿಸುತ್ತಿದ್ದಂತೆ ಅವರು ಎದ್ದು ಬಂದರು. ಎಂಜಿನ್ನಿನ ಅಡಿ ನುಸುಳಿ, ಬಣ್ಣ ಕಿತ್ತಿದ್ದ ಆ ಜಾಗ ತುಕ್ಕು ಹಿಡಿಯದಿರಲೆಂದು ಅಂಕಿಗಳ ಮೇಲೆ ಎಣ್ಣೆ ಸವರಿದರು. ಕೈ ಮತ್ತೆ ಎಣ್ಣೆಯಾಯಿತು.