ಫ್ಯೂಸಣ್ಣನ ಮೀನಿನ ತೂಕ

ಹಳೇ ಪೇಪರು ತೂಗುವುದಕ್ಕೆಂದು ಹೆಂಡತಿಯ ಅಣ್ಣ ಕ್ಲಬ್ಬಿನ ತಕ್ಕಡಿಯನ್ನು ಮನೆಗೆ ಒಯ್ದದ್ದನ್ನು ಫ್ಯೂಸಣ್ಣ ಇನ್ನೂ ಕ್ಷಮಿಸಿಲ್ಲ. ಆರು ವರ್ಷವಾಯಿತು. ಈಗಲೂ ಗುಜರಿಯವನು ಬೀದಿಯಲ್ಲಿ ಕೂಗುತ್ತ ಹೋದರೆ ಸಾಕು, ಅಂಗಡಿಯೊಳಗೆ ಇವನ ಕೈಯಲ್ಲಿ ತಾಮ್ರದ ತಂತಿ ಬಿಗಿಯುತ್ತದೆ, ಸುತ್ತಿನ ಲೆಕ್ಕ ತಪ್ಪುತ್ತದೆ, ಎಲ್ಲ ಬಿಚ್ಚಿ ಮೊದಲಿನಿಂದ ಸುತ್ತಬೇಕಾಗುತ್ತದೆ.

ಸುಟ್ಟುಹೋದ ಮೋಟಾರುಗಳಿಗೆ ಹೊಸ ತಂತಿ ಸುತ್ತುವುದು ಅವನ ಕೆಲಸ. ಪಂಪು, ಫ್ಯಾನು, ಮಿಕ್ಸಿ, ಹಿಟ್ಟಿನ ಗಿರಣಿಯ ಮೋಟಾರು, ಯಾವುದು ಬಂದರೂ ಬೆರಳಿಗೆ ಲೆಕ್ಕ ಗೊತ್ತು. ಐದನೇ ಕ್ಲಾಸಿನಲ್ಲಿ ಯಾರದೋ ತಪ್ಪಿಗೆ ಮೇಷ್ಟರು ತನ್ನ ಕಿವಿ ಹಿಂಡಿದರೆಂದು ಸ್ಲೇಟನ್ನು ಅವರ ಮೇಜಿನ ಮೇಲೆ ಕುಕ್ಕಿ ಹೊರಬಿದ್ದವನು ಮತ್ತೆ ಆ ಗೇಟು ದಾಟಲಿಲ್ಲ. 'ಫ್ಯೂಸಣ್ಣ' ಎಂಬ ಹೆಸರು ಗಿರಾಕಿಗಳು ಇಟ್ಟದ್ದು. ಸ್ವಲ್ಪ ಹೆಚ್ಚುಕಡಿಮೆಯಾದರೂ ಮೊದಲು ಹಾರುವವನು ಅವನೇ. "ಇನ್ನೂ ಎಷ್ಟು ಹೊತ್ತಣ್ಣ?" ಎಂದು ಎರಡನೇ ಸಲ ಕೇಳಿದವರ ಕೈಗೆ ಅರ್ಧ ಬಿಚ್ಚಿದ ಮೋಟಾರನ್ನೇ ಇಟ್ಟು ಕಳಿಸಿದ್ದುಂಟು.

ಹಾಗಾಗಿ ಅವನ ನಿಜವಾದ ಹೆಸರು ಯಾರಿಗೂ ಬೇಕಾಗಲಿಲ್ಲ. ಅಂಗಡಿಯ ಬೋರ್ಡಿನಲ್ಲಿ ಇರುವುದು ತೀರಿಹೋದ ಯಜಮಾನರ ಹೆಸರು. ಕರೆಂಟ್ ಬಿಲ್ಲು ಅಪ್ಪನ ಹೆಸರಿಗೆ ಬರುತ್ತದೆ. ಮನೆ ಬಾಗಿಲಲ್ಲಿ ಹೆಂಡತಿಯ ಹೆಸರಿದೆ, ಏಕೆಂದರೆ ಅಂಚೆ ಕಚೇರಿಯಲ್ಲಿ ಕೆಲಸ ಮಾಡುವವಳು ಅವಳು. ಐವತ್ತೆರಡು ವರ್ಷದಲ್ಲಿ ಅವನ ಹೆಸರನ್ನು ನಾಲ್ಕು ಜನ ನಿಂತು ಓದುವ ಹಾಗೆ ಯಾರೂ ಎಲ್ಲೂ ಬರೆದಿರಲಿಲ್ಲ.

ಬರೆಯಬಹುದಾದ ಒಂದೇ ಜಾಗವಿತ್ತು. ಕೆರೆಯ ದಂಡೆಯಲ್ಲಿ ಗಾಳ ಹಾಕುವವರ ಕ್ಲಬ್ಬಿದೆ. ಅದರ ಗೋಡೆಗೊಂದು ಹಸಿರು ಹಲಗೆ. ಯಾವ ಜಾತಿಯ ಮೀನು, ಹೆಚ್ಚೆಂದರೆ ಎಷ್ಟು ತೂಕದ್ದು, ಹಿಡಿದವರು ಯಾರು ಎಂದು ಬಿಳಿ ಬಣ್ಣದಲ್ಲಿ ಬರೆದಿದ್ದಾರೆ. ಬಾಸ್ ಮೀನಿನ ಎದುರು ಮೂರು ಕಿಲೋ ಒಂಬೈನೂರು ಗ್ರಾಂ, ಪಕ್ಕದಲ್ಲಿ ಭಾವನ ಹೆಸರು. ಭಾವ ಎಂದರೆ ಆ ತಕ್ಕಡಿಯವರೇ. ಕ್ಲಬ್ಬಿನ ಕಾರ್ಯದರ್ಶಿ. ಪ್ರತಿ ಭಾನುವಾರ ಫ್ಯೂಸಣ್ಣ ಆ ಸಾಲನ್ನು ಓದಿ, ಮೂಗು ಉಜ್ಜಿಕೊಂಡು, ಗಾಳ ಹಾಕಲು ಹೋಗುತ್ತಿದ್ದ.

ಅಂಥದೊಂದು ಭಾನುವಾರ ಬೆಳಗ್ಗೆ ಎಂಟಕ್ಕೆ ದಾರ ಜಗ್ಗಿತು. ಬಾಸ್ ಎಂದರೆ ಹಸಿರು ಬೆನ್ನಿನ, ಬಾಯಿ ತೆರೆದರೆ ಮುಷ್ಟಿಯೇ ಹೋಗುವಂಥ, ಜಗಳಗಂಟ ಮೀನು. ಇವನಿಗೆ ಸರಿಜೋಡಿ. ಇಪ್ಪತ್ತು ನಿಮಿಷ ಇಬ್ಬರೂ ಬೈದಾಡಿಕೊಂಡರು, ಮೀನು ಮಾತ್ರ ಬಾಯಿಬಿಟ್ಟು ಬೈಯಲಿಲ್ಲ. ದಡಕ್ಕೆ ಬಂದಾಗ ನೋಡಿದವರೆಲ್ಲ ಹಲಗೆಯ ಕಡೆ ಕತ್ತು ತಿರುಗಿಸಿದರು.

ಕ್ಲಬ್ಬಿನ ನಿಯಮ ಹೀಗಿದೆ: ಕ್ಲಬ್ಬಿನ ತಕ್ಕಡಿಯಲ್ಲಿ ಇಡೀ ಮೀನನ್ನು ತೂಗಬೇಕು, ಆಮೇಲೆ ನೀರಿಗೆ ಬಿಡಬೇಕು. ಬಿಡುವಾಗ ಸತ್ತರೆ ಮನೆಗೊಯ್ದು ತಿನ್ನಬೇಕು, ಎಸೆಯಬಾರದು. ಅಂಥ ಮೀನೂ ಲೆಕ್ಕಕ್ಕುಂಟು, ಸಂಜೆಯೊಳಗೆ ತೂಕ ಆಗಿರಬೇಕು ಅಷ್ಟೆ.

ತಕ್ಕಡಿ ಇರುವ ಕಪಾಟು ತೆಗೆದರೆ ಒಂದು ಕೊಡೆ, ಎರಡು ಚಪ್ಪಲಿ. ಫ್ಯೂಸಣ್ಣ ಫೋನು ಹಚ್ಚಿದ.

"ಭಾವ, ತಕ್ಕಡಿ ಎಲ್ಲಿ?"

"ಮನೇಲಿದೆ ಮಾರಾಯ. ಆ ಗುಜರಿಯವನು ಕಿಲೋಗೆ ಕಾಲು ಕಿಲೋ ನುಂಗ್ತಾನೆ. ನಾನೇ ಮೊದಲು ತೂಗಿಟ್ಟುಕೊಳ್ಳೋಣ ಅಂತ ತಂದೆ."

"ಇಲ್ಲಿ ನನ್ನ ಮೀನು ಕಾಯ್ತಾ ಇದೆ!"

"ಹತ್ತು ನಿಮಿಷ ಇರಪ್ಪ, ಸ್ನಾನ ಮುಗಿಸಿ ಬರ್ತೀನಿ."

"ಮೀನಿಗೂ ಸ್ನಾನ ಆಗಿದೆ, ನೀವು ಹಾಗೇ ಬನ್ನಿ!"

ಭಾವನ ಹತ್ತು ನಿಮಿಷ ಮುಕ್ಕಾಲು ಗಂಟೆಯಾದರೂ ಮುಗಿಯಲಿಲ್ಲ. ಅಷ್ಟರಲ್ಲಿ ಪ್ಲಾಸ್ಟಿಕ್ ತೊಟ್ಟಿಯಲ್ಲಿದ್ದ ಮೀನನ್ನು ಬಂದವರೆಲ್ಲ ಎತ್ತಿ ಫೋಟೊ ತೆಗೆಸಿಕೊಂಡರು. ತಪ್ಪು ಅವರದೊಂದೇ ಎನ್ನುವಂತಿಲ್ಲ. ಫ್ಯೂಸಣ್ಣನೇ ಆರು ಸಲ ಎತ್ತಿ ನಿಂತ, ಆರರಲ್ಲೂ ಕಣ್ಣು ಮುಚ್ಚಿದ. ಏಳನೆಯದಕ್ಕೆ ಎತ್ತಿದಾಗ ಮೀನು ಒದ್ದಾಡಲಿಲ್ಲ. ಸುಮ್ಮನೆ ಕಿವಿರು ಅಲ್ಲಾಡಿಸಿತು. "ತೂಕ ಹಾಳಾಗಿ ಹೋಗಲಿ!" ಎಂದು ಪ್ಯಾಂಟು ಬೂಟು ಸಮೇತ ಸೊಂಟದವರೆಗೆ ನೀರಿಗಿಳಿದ. ಹೊಟ್ಟೆಯಡಿ ಕೈ ಕೊಟ್ಟು, ಬಾಯಿಗೆ ನೀರು ನುಗ್ಗಲೆಂದು ಹಿಂದಕ್ಕೂ ಮುಂದಕ್ಕೂ ಆಡಿಸಿದ. ಬಿಟ್ಟರೆ ಅಡ್ಡ ಮಲಗಿತು. ಮತ್ತೆ ಆಡಿಸಿದ, ಬಿಟ್ಟ. ಮತ್ತೆ ಅಡ್ಡ.

"ಬಿಡಣ್ಣ, ಅದು ಹೋಯ್ತು," ಎಂದ ಕ್ಲಬ್ಬಿನ ಕಾವಲುಗಾರ ದಡದಿಂದ.

"ಎಲ್ಲಿಗೆ ಹೋಯ್ತು? ಕೈಯಲ್ಲೇ ಇದೆಯಲ್ಲ!" ಎಂದು ಇವನು ಅರಚಿದ. ಆದರೆ ದನಿ ಒಡೆದಿತ್ತು.

ಇನ್ನು ಭಾವನನ್ನು ಕಾಯುವಷ್ಟು ತಾಳ್ಮೆ ಅವನ ವಂಶದಲ್ಲೇ ಇರಲಿಲ್ಲ. ಮೀನನ್ನು ಒದ್ದೆ ಚೀಲದಲ್ಲಿ ಸುತ್ತಿ ಮನೆಗೆ ತಂದು ಅಡುಗೆಮನೆಯ ಸಿಂಕಿನಲ್ಲಿಟ್ಟ. ಹೆಂಡತಿ ಬಟ್ಟೆ ಒಣಹಾಕುತ್ತಿದ್ದಳು. ಅವಳಿಗೆ ಒಂದು ಮಾತೂ ಹೇಳದೆ, ದಾರಿಯುದ್ದಕ್ಕೂ ಭಾವನ ಪೇಪರಿಗೆ ಬೆಂಕಿ ಬೀಳಲೆಂದು ಗೊಣಗುತ್ತ, ತಕ್ಕಡಿ ತರಲು ಸ್ಕೂಟರು ತಿರುಗಿಸಿದ.

ತಕ್ಕಡಿ, ಭಾವ, ಜೊತೆಗೆ ಕ್ಲಬ್ಬಿನ ಅಧ್ಯಕ್ಷರಾದ ಹಲ್ಲಿನ ಡಾಕ್ಟರು, ಮೂವರನ್ನೂ ಕರೆದುಕೊಂಡು ಬರುವಷ್ಟರಲ್ಲಿ ಮೀನು ಹದಿನಾಲ್ಕು ತುಂಡಾಗಿ ಉಪ್ಪು ಖಾರ ಹಚ್ಚಿಸಿಕೊಂಡು ತಟ್ಟೆಯಲ್ಲಿ ಮಲಗಿತ್ತು. ಕಿಟಕಿಯ ಮೇಲೆ ಬೆಕ್ಕು ಮೀಸೆ ನೆಕ್ಕುತ್ತಿತ್ತು.

"ಏನೇ ಮಾಡಿಬಿಟ್ಟೆ!"

"ಮೀನು ಸಿಂಕಲ್ಲಿ ತಂದಿಟ್ಟರೆ ಏನು ಮಾಡ್ತಾರೆ? ಜೋಗುಳ ಹಾಡ್ತಾರಾ?"

"ತೂಗಬೇಕಿತ್ತು ಕಣೇ! ಇಡಿಯಾಗಿ ತೂಗಬೇಕಿತ್ತು!"

"ಬಾಯಿಬಿಟ್ಟು ಹೇಳಿದ್ದರೆ ಅಲ್ವಾ ರೀ ಗೊತ್ತಾಗೋದು?"

"ಹೇಳಿದ್ದರೂ ಅಷ್ಟೇ. ತೂಕ ಅಂದರೆ ಏನು ಅಂತ ನಿನಗೇನು ಗೊತ್ತು!"

ಭಾವ ಛಾವಣಿ ನೋಡಿದರು. ಏಕೆಂದರೆ ಆ ಹೆಂಗಸು ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತವಳು. ಪೊಟ್ಟಣ ಕೈಗೆ ಬರುತ್ತಿದ್ದ ಹಾಗೆ ತೂಕ ಹೇಳಿ, ಆಮೇಲೆ ಯಂತ್ರದ ಮೇಲಿಟ್ಟು, ತಾನು ಹೇಳಿದ್ದನ್ನೇ ಓದುತ್ತಿದ್ದವಳು. ಅವಳು ಕೈ ಒರೆಸಿಕೊಂಡಳು.

ತುಂಡುಗಳನ್ನು ತೂಗಿದರು. ತಲೆ, ಬಾಲ, ಸಿಂಕಿನ ಜಾಲರಿಯಿಂದ ಕೆರೆದು ತೆಗೆದ ಹುರುಪೆ, ಎಲ್ಲ ಸೇರಿ ಮೂರು ಕಿಲೋ ಎಂಟುನೂರ ನಲವತ್ತು. ದಾಖಲೆಗೆ ಅರವತ್ತು ಗ್ರಾಂ ಕಡಿಮೆ.

"ಕರುಳು ಬೆಕ್ಕಿನ ಹೊಟ್ಟೇಲಿದೆ!" ಎಂದು ಫ್ಯೂಸಣ್ಣ ಬೆಕ್ಕನ್ನು ಹಿಡಿದು ತಕ್ಕಡಿಯ ಮೇಲೆ ಕೂರಿಸಿದ. ಮುಂಗೈ ಪರಚಿಸಿಕೊಂಡು ಓದಿದ: ನಾಲ್ಕು ಕಿಲೋ ಮುನ್ನೂರು.

"ಸರಿ, ಬೆಳಗ್ಗೆ ಎಷ್ಟಿತ್ತು ಬೆಕ್ಕು?" ಎಂದರು ಭಾವ, ಬಲು ಮೆತ್ತಗೆ.

"ಬೆಳಗ್ಗೆ ಎದ್ದು ಬೆಕ್ಕು ತೂಗೋದಕ್ಕೆ ನಾನೇನು ನಿಮ್ಮ ಹಾಗೆ ಪೇಪರ್ ತೂಗೋನಾ?"

"ಇಷ್ಟು ದೊಡ್ಡ ಮೀನಿನ ಕರುಳು ಅರವತ್ತು ಗ್ರಾಂ ಇರಲ್ವೇನ್ರೀ? ಧಾರಾಳವಾಗಿ ಇರುತ್ತೆ," ಎಂದರು ಡಾಕ್ಟರು. "ಆದರೆ ಹಲಗೆ ಮೇಲೆ 'ಧಾರಾಳ' ಅಂತ ಬರೆಯೋಕಾಗಲ್ಲ. ಒಂದು ಅಂಕಿ ಬೇಕು."

ಅಂಕಿ ಸಿಗಲಿಲ್ಲ, ಹಸಿವು ಸಿಕ್ಕಿತು. ಹೆಂಡತಿ ಮೀನು ಹುರಿದಳು, ನಾಲ್ಕು ತಟ್ಟೆ ಇಟ್ಟಳು. ಹೊರಗೆ ಗರಿಗರಿ, ಒಳಗೆ ಬೆಣ್ಣೆಯಂಥ ಬಿಳಿ ಮಾಂಸ. ಫ್ಯೂಸಣ್ಣನ ಕೋಪಕ್ಕೂ ನಾಲಿಗೆಗೂ ಸಂಬಂಧವಿರಲಿಲ್ಲ, ಮೂರು ತುಂಡು ಇಳಿಸಿದ. ಭಾವ ಐದು. ಐದನೆಯದನ್ನು ಚೀಪುತ್ತಿರುವಾಗ ಅವರ ಬಾಯಿಂದ ಸತ್ಯ ಹೊರಬಿತ್ತು: "ನನ್ನದಕ್ಕಿಂತ ಇದು ದೊಡ್ಡದೇ ಕಣಯ್ಯ."

ಡಾಕ್ಟರು ಮುಳ್ಳು ಬದಿಗಿಟ್ಟು ಹೆಂಡತಿಯ ಕಡೆ ತಿರುಗಿದರು. "ಅಮ್ಮಾ, ನಾನು ನಿಮ್ಮ ಕೌಂಟರಿಗೆ ಹಲ್ಲಿನ ಅಚ್ಚು ತಂದುಕೊಡೋನು. ನಿಮ್ಮ ಕೈ ಹತ್ತು ಗ್ರಾಂ ತಪ್ಪಿದ್ದು ನಾನು ನೋಡಿಲ್ಲ. ಮೀನನ್ನು ಇಡಿಯಾಗಿ ಎತ್ತಿದೀರಲ್ಲ, ಎಷ್ಟಿತ್ತು ಹೇಳಿ. ಅಧ್ಯಕ್ಷ ನಾನು, ಬರೆದುಕೊಳ್ತೀನಿ. ಕಾರ್ಯದರ್ಶಿಗಳೇ, ತಕರಾರಿದೆಯಾ?"

"ನನ್ನ ತಂಗಿ ಕೈಗೆ ನನ್ನ ತಕರಾರಿಲ್ಲ," ಎಂದರು ಭಾವ. ಬಾಯಿ ತುಂಬ ಮೀನಿಟ್ಟುಕೊಂಡು ಬೇರೇನು ಹೇಳಿಯಾರು!

ಡಾಕ್ಟರು ಪೆನ್ನು ತೆಗೆದರು.

ಹೆಂಡತಿ ನೀರು ಬಡಿಸಿ ನೆಟ್ಟಗೆ ನಿಂತಳು. "ಎಷ್ಟಿತ್ತು ಅಂತ ಗೊತ್ತು. ಆದರೆ ತೂಕ ಅಂದರೆ ಏನು ಅಂತ ನನಗೆ ಗೊತ್ತಿಲ್ಲ ಅಂದರಲ್ಲ ಇವರು. ನಿಮ್ಮಿಬ್ಬರ ಎದುರಿಗೆ ಅಂದದ್ದು. ನಿಮ್ಮಿಬ್ಬರ ಎದುರಿಗೇ ತಪ್ಪಾಯ್ತು ಅನ್ನಲಿ, ಹೇಳ್ತೀನಿ."

"ಅಷ್ಟೇ ತಾನೆ? ಅಂದುಬಿಡಯ್ಯ," ಎಂದರು ಭಾವ.

ಮೂವರೂ ಅವನ ಬಾಯನ್ನೇ ನೋಡಿದರು. ಹಲ್ಲಿನ ಡಾಕ್ಟರಂತೂ ಕೀಳಬೇಕಾದ ಹಲ್ಲನ್ನು ನೋಡುವ ಹಾಗೆ ಬಾಗಿ ನೋಡಿದರು. ಫ್ಯೂಸಣ್ಣ ಬಾಯಿ ತೆರೆದ. ಮುಖ ಕೆಂಪಾಯಿತು, ಕಿವಿ ಕೆಂಪಾಯಿತು, ಹಣೆಯಲ್ಲಿ ಬೆವರೊಡೆಯಿತು. ಮಾತು ಹೊಟ್ಟೆಯಿಂದ ಹೊರಟು, ಎದೆ ದಾಟಿ, ಗಂಟಲಿನವರೆಗೆ ಬಂದದ್ದು ಎದುರಿಗಿದ್ದವರಿಗೂ ಕಂಡಿತು.

"ಇನ್ನೊಂದು ತುಂಡು ಹಾಕು," ಎಂದ.

ಅವಳು ಹಾಕಿದಳು. ಡಾಕ್ಟರು ಪೆನ್ನಿನ ಮುಚ್ಚಳ ಮುಚ್ಚಿದರು.

ಆಮೇಲಿನ ಆರು ವರ್ಷದಲ್ಲಿ ಅವಳು ಅದನ್ನು ಮತ್ತೆ ಎತ್ತಿಲ್ಲ, ಆ ಅಂಕಿಯನ್ನು ಯಾರಿಗೂ ಹೇಳಿಯೂ ಇಲ್ಲ. ಇವನು ಮಾತ್ರ ಕೇಳದೆಯೇ ಅವಳ ಮಿಕ್ಸಿಗೆ ಮೂರು ಸಲ ಹೊಸ ತಂತಿ ಸುತ್ತಿದ, ಇಸ್ತ್ರಿಪೆಟ್ಟಿಗೆಯ ವೈರು ಬದಲಿಸಿದ, ಬಸ್ಸಿನಲ್ಲಿ ಹೋಗುತ್ತಿದ್ದವಳನ್ನು ದಿನವೂ ಸ್ಕೂಟರಿನಲ್ಲಿ ಅಂಚೆ ಕಚೇರಿಗೆ ಬಿಡತೊಡಗಿದ. ಅವಳು ಎಲ್ಲವನ್ನೂ ಸುಮ್ಮನೆ ತೆಗೆದುಕೊಳ್ಳುತ್ತಾಳೆ. ಒಂದನ್ನೂ 'ತಪ್ಪಾಯ್ತು' ಎಂಬ ಆ ಮಾತಿನ ಬದಲಿಗೆ ಜಮಾ ಮಾಡಿಕೊಂಡಿಲ್ಲ.

ಮೊನ್ನೆ ಅಂಚೆ ಕಚೇರಿಯ ಗೇಟಿನಲ್ಲಿ ಇಳಿಸಿದವನು ಸ್ಕೂಟರು ತಿರುಗಿಸಲಿಲ್ಲ.

"ಏ, ಇವಳೇ."

"ಏನ್ರೀ?"

"ಅದೇ... ಅವತ್ತು..."

ಅವಳು ಹೆಲ್ಮೆಟ್ಟು ತೆಗೆದು ಕಿವಿ ಬಿಡಿಸಿಕೊಂಡು ಕಾದಳು.

"ಸಂಜೆ ಎಷ್ಟಕ್ಕೆ ಬರಲಿ?"

"ಐದೂವರೆಗೆ," ಎಂದು ಅವಳು ಮೆಟ್ಟಿಲು ಹತ್ತಿದಳು.